ಯಾವ ಬ್ರೌಸರಿನ ಪಾಪ್-ಅಪ್ ಬ್ಲಾಕರ್ ಒಳ್ಳೇದು? ಅರ್ಜಿ ತುಂಬುವವಳ ಒಂದು ವರ್ಷದ ಅನುಭವ

ಕೊಡಗಿನ ಶನಿವಾರಸಂತೆ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಲ್ಯಾಮಿನೇಶನ್ ಮಶೀನು. ಬೋರ್ಡಿನಲ್ಲಿ ಜೆರಾಕ್ಸ್ ಅಂತ ಇದ್ದರೂ ಹೊಟ್ಟೆ ತುಂಬಿಸುವುದು ಆನ್‌ಲೈನ್ ಕೆಲಸ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್, ಸಿಇಟಿ, ಕಾಲೇಜು ಫೀಸು, ಕರೆಂಟು ಬಿಲ್ಲು. ಸಂತೆ ದಿನವಾದ ಶನಿವಾರ ಕೊಡ್ಲಿಪೇಟೆ ಕಡೆಯವರು, ಶಾಂತಳ್ಳಿ ಕಡೆಯವರು ಎಲ್ಲ ಒಟ್ಟಿಗೆ ಬರುತ್ತಾರೆ. ತರಕಾರಿ ಚೀಲ ಕೌಂಟರ್ ಕೆಳಗಿಟ್ಟು, ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಎಲ್ಲರಿಗೂ ಬೇಕಾಗಿರುವುದು ಕೊನೆಗೆ ಒಂದೇ ಒಂದು ಕಾಗದ: ರಸೀದಿ. ಆ ರಸೀದಿ ಕೈಗೆ ಬಂದರೆ ಕೆಲಸ ಆಯಿತು ಅಂತ ನಂಬಿಕೆ. ನನಗೂ ಅಷ್ಟೇ.

ಆ ರಸೀದಿ ಬರದೇ ಹೋದ ಒಂದು ದಿನದಿಂದ ಈ ವಿಮರ್ಶೆ ಶುರುವಾಯಿತು. ಪಾಪ್-ಅಪ್ ಬ್ಲಾಕರ್ ಅನ್ನುವುದು, ವೆಬ್ ತಾಣಗಳು ತಾವಾಗಿ ತೆರೆಯುವ ಹೊಸ ಕಿಟಕಿಗಳನ್ನು (ಪಾಪ್-ಅಪ್) ತಡೆಯಲು ಬ್ರೌಸರಿನ ಒಳಗೆ ಎಲ್ಲೋ ಇರುವ ಒಂದು ಸಣ್ಣ ಸೆಟ್ಟಿಂಗ್. ಅದನ್ನು ನೋಡಿ ಬ್ರೌಸರ್ ಆರಿಸಿಕೊಂಡವರನ್ನು ನಾನು ಕಂಡಿಲ್ಲ. ಆದರೆ ನನ್ನಂಥವರ ಅಂಗಡಿಯಲ್ಲಿ ಅದೇ ದೊಡ್ಡದು. ಹಾಗಾಗಿ ಒಂದು ವರ್ಷ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೂರರಲ್ಲೂ ಇದೇ ಕೆಲಸ ಮಾಡಿ ನೋಡಿದೆ.

ಕಳೆದ ವರ್ಷದ ಜುಲೈ. ಶಾಂತಳ್ಳಿ ಕಡೆಯಿಂದ ಅಪ್ಪ, ಮಗಳು ಬಂದಿದ್ದರು. ಪುಷ್ಪಗಿರಿ ಬೆಟ್ಟದ ಬುಡ ಅದು. ಅಲ್ಲಿ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಅಪ್ಪನ ಪ್ಯಾಂಟು ಮಂಡಿವರೆಗೆ ಒದ್ದೆ. ಹುಡುಗಿ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಕವರ್ ಸುತ್ತಿ ತಂದಿದ್ದಳು. ಒಂದು ಕೋರ್ಸಿನ ಅರ್ಜಿಗೆ ಮಾರನೇ ದಿನ ಕೊನೆ ದಿನಾಂಕ, ಫೀಸು 1,200 ರೂಪಾಯಿ. ಬೆಳಿಗ್ಗೆಯೇ ಎಲ್ಲೋ ಮರದ ಕೊಂಬೆ ಬಿದ್ದು ಫೈಬರ್ ಕೇಬಲ್ ಹೋಗಿತ್ತು. ಫೋನಿನ ಹಾಟ್‌ಸ್ಪಾಟಿನಲ್ಲಿ ಕೆಲಸ ನಡೀತಿತ್ತು. ಅರ್ಜಿ ತುಂಬಿದ್ದಾಯಿತು, ಫೋಟೋ ಹತ್ತಿಸಿದ್ದಾಯಿತು, ಓಟಿಪಿ ಬಂತು, ಹಣ ಕಟ್ಟುವ ಬಟನ್ ಒತ್ತಿದೆ. ಚಕ್ರ ತಿರುಗಿತು, ತಿರುಗಿತು, ನಿಂತಿತು. ಪುಟ ಹಾಗೇ ಇದೆ. ಅದೇ ಬಟನ್ ಮತ್ತೆ ಎದುರಿಗೆ. ಅಷ್ಟರಲ್ಲಿ ಅಪ್ಪನ ಫೋನು ಟಿಣ್ ಅಂತು: ಹಣ ಕಡಿತವಾಗಿದೆ.

"ದುಡ್ಡು ಹೋಯ್ತಲ್ಲಮ್ಮ, ರಸೀದಿ ಎಲ್ಲಿ?" ಅಂದರು.

"ಒಂದು ನಿಮಿಷ ಅಣ್ಣ, ನೆಟ್‌ವರ್ಕ್ ಇಲ್ಲ ಅಲ್ವಾ" ಅಂತ ಹೇಳಿ ಮತ್ತೆ ಒತ್ತಿದೆ. ಫೋನು ಮತ್ತೆ ಟಿಣ್ ಅಂತು. ಇನ್ನೊಂದು 1,200.

ಹುಡುಗಿ ಏನೂ ಮಾತಾಡಲಿಲ್ಲ. ಪ್ಲಾಸ್ಟಿಕ್ ಕವರನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದಳು. ಆ ಸದ್ದು ನನಗೆ ಈಗಲೂ ಕೇಳಿಸುತ್ತೆ. ರಸೀದಿ ಹೊಸ ಕಿಟಕಿಯಲ್ಲಿ ತೆರೆಯಬೇಕಿತ್ತು, ಬ್ರೌಸರ್ ಆ ಕಿಟಕಿಯನ್ನೇ ತಡೆದಿತ್ತು. ಎರಡು ಸಲವೂ. ತಡೆದಿದ್ದೇನೆ ಅಂತ ಮೇಲೆ ವಿಳಾಸದ ಸಾಲಿನಲ್ಲಿ ಉಗುರಿನಷ್ಟು ಗುರುತು ಹಾಕಿತ್ತು, ನಾನು ನೋಡಿರಲಿಲ್ಲ. ಎರಡನೇ ಸಲ ಹೋದ ಹಣ ಒಂಬತ್ತು ದಿನ ಆದ ಮೇಲೆ ಅವರ ಖಾತೆಗೆ ವಾಪಸ್ ಬಂತು. ಅಲ್ಲಿಯವರೆಗೆ ಆ ಹಣವನ್ನು ನನ್ನ ಕೈಯಿಂದ ಕೊಟ್ಟಿದ್ದೆ.

ಅವತ್ತು ರಾತ್ರಿ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ನನ್ನ ಪ್ರಶ್ನೆ ಒಂದೇ: ಇದೇ ಅರ್ಜಿ, ಇದೇ ಬ್ರೌಸರ್, ಬೇಸಿಗೆಯಲ್ಲಿ ರಸೀದಿ ತೆರೀತಿತ್ತು, ಈಗ ಯಾಕೆ ಇಲ್ಲ?

"ಚಿಕ್ಕಮ್ಮ, ಅದು ಕೆಟ್ಟಿಲ್ಲ. ನೀವು ಬಟನ್ ಒತ್ತಿದ್ದನ್ನು ಅದು ಮರೆತಿದೆ" ಅಂದ.

ಆಮೇಲೆ ಬಿಡಿಸಿ ಹೇಳಿದ. ತಾಣವೊಂದು ತಾನಾಗಿ ಹೊಸ ಕಿಟಕಿ ತೆರೆಯಲು ಹೊರಟರೆ ಬ್ರೌಸರ್ ಬಿಡುವುದಿಲ್ಲ. ನಾವು ಏನಾದರೂ ಒತ್ತಿದ ಮೇಲೆ ತೆರೆದರೆ ಮಾತ್ರ, ಇವರು ಕೇಳಿದ್ದಾರೆ ಅಂತ ಬಿಡುತ್ತೆ. ಒತ್ತಿದ ಆ ಒಪ್ಪಿಗೆಗೆ ಆಯಸ್ಸು ಕೆಲವೇ ಸೆಕೆಂಡು. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಸುಮಾರು 5 ಸೆಕೆಂಡು. ಕೆಲವು ತಾಣಗಳು ನಾವು ಒತ್ತಿದ ಮೇಲೆ ಸರ್ವರಿಗೆ ಹೋಗಿ, ಉತ್ತರ ಬರುವವರೆಗೆ ಕಾದು, ಆಮೇಲೆ ಕಿಟಕಿ ತೆರೆಯುತ್ತವೆ. ಬೆಂಗಳೂರಿನಲ್ಲಿ ಆ ಉತ್ತರ ಒಂದು ಸೆಕೆಂಡಿಗೆ ಬರುತ್ತೆ, ರಸೀದಿ ತೆರೆಯುತ್ತೆ. ಮಳೆಗಾಲದಲ್ಲಿ ನಮ್ಮ ಹಾಟ್‌ಸ್ಪಾಟಿನಲ್ಲಿ ಎಂಟೋ ಹತ್ತೋ ಸೆಕೆಂಡು. ಅಷ್ಟರಲ್ಲಿ ಒಪ್ಪಿಗೆ ಮುಗಿದಿರುತ್ತೆ. ಯಾರೂ ಕೇಳದೆ ಬಂದ ಜಾಹೀರಾತು ಅಂತ ಬ್ರೌಸರ್ ಅದನ್ನೂ ತಡೆಯುತ್ತೆ.

ಅವನು ಹೇಳಿದ್ದನ್ನು ನಾನೇ ಪರೀಕ್ಷೆ ಮಾಡಿದೆ. ಹಳೆಯ ರಸೀದಿಯನ್ನು ಮತ್ತೆ ತೆಗೆಯುವ ಪುಟವೊಂದಿದೆ, ಹಣದ ವ್ಯವಹಾರ ಇಲ್ಲ. ಬೆಳಿಗ್ಗೆ ಫೈಬರ್ ಚೆನ್ನಾಗಿದ್ದಾಗ ಒತ್ತಿದರೆ ತಕ್ಷಣ ತೆರೆಯಿತು. ಸಂಜೆ ಮಳೆಯಲ್ಲಿ ಹಾಟ್‌ಸ್ಪಾಟ್ ಹಾಕಿ ಒತ್ತಿದರೆ ಇಲ್ಲ. ಮೂರು ದಿನ ಮಾಡಿದೆ, ಮೂರು ದಿನವೂ ಹಾಗೇ. ನೆಟ್‌ವರ್ಕ್ ನಿಧಾನ ಇರುವ ಊರಿನವರಿಗೆ ಈ ಸೆಟ್ಟಿಂಗ್ ಬೇರೆ ಥರ ಕೆಲಸ ಮಾಡುತ್ತೆ ಅನ್ನುವುದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಮಾರನೇ ವಾರ ಪರಿಚಯದ ಹುಡುಗನೊಬ್ಬ ಬಂದು, "ಬ್ಲಾಕರ್ ಪೂರ್ತಿ ಆಫ್ ಮಾಡಿಬಿಡಿ ಅಕ್ಕ, ತಲೆನೋವೇ ಇರಲ್ಲ" ಅಂದ. ಮಾಡಿದೆ. ರಸೀದಿಗಳೆಲ್ಲ ಸಲೀಸಾಗಿ ತೆರೆದವು. ಒಂದು ವಾರ ಖುಷಿ. ಆಮೇಲೆ ಒಬ್ಬರಿಗೆ ಫಲಿತಾಂಶ ಹುಡುಕುತ್ತಾ ಯಾವುದೋ ಖಾಸಗಿ ತಾಣಕ್ಕೆ ಹೋದಾಗ ಹಿಂದೊಂದು ಮುಂದೊಂದು ಕಿಟಕಿ ತೆರೆದವು. ಒಂದು ಕಿಟಕಿ ಥೇಟ್ ಸರ್ಕಾರಿ ಪುಟದ ಹಾಗಿತ್ತು, ಅದೇ ಬಣ್ಣ, ಮೇಲೆ ಲಾಂಛನ. ಆಧಾರ್ ನಂಬರ್ ಹಾಕಿ ಅನ್ನುತ್ತಿತ್ತು. ಪಕ್ಕದಲ್ಲಿ ಕೂತಿದ್ದವರು ನಾಲ್ಕು ಅಂಕಿ ಹಾಕಿಯೂ ಆಗಿತ್ತು. ನಾನು ಕೈ ಹಿಡಿದು ನಿಲ್ಲಿಸಿ ಕಿಟಕಿ ಮುಚ್ಚಿದೆ. ಅವತ್ತೇ ಬ್ಲಾಕರ್ ವಾಪಸ್ ಆನ್. ಪೂರ್ತಿ ಆಫ್ ಮಾಡಿ ಅನ್ನುವ ಸಲಹೆಯನ್ನು ಯಾರೂ ತೆಗೆದುಕೊಳ್ಳಬೇಡಿ, ಯಾರಿಗೂ ಕೊಡಲೂ ಬೇಡಿ.

ಈ ತಡೆ ಸುಮ್ಮನೆ ಬಂದದ್ದಲ್ಲ. 1990ರ ದಶಕದಲ್ಲಿ ಟ್ರೈಪಾಡ್ ಅನ್ನುವ ತಾಣದಲ್ಲಿ ಕೆಲಸ ಮಾಡುತ್ತಿದ್ದ ಈಥನ್ ಜುಕರ್‌ಮನ್ ಜಾಹೀರಾತನ್ನು ಬೇರೆ ಕಿಟಕಿಯಲ್ಲಿ ತೆರೆಯುವ ಕೋಡ್ ಬರೆದವರು. 2014ರಲ್ಲಿ ಒಂದು ಲೇಖನದಲ್ಲಿ ಅದಕ್ಕೆ ಕ್ಷಮೆಯನ್ನೂ ಕೇಳಿದರು. ದೊಡ್ಡ ಬ್ರೌಸರುಗಳಲ್ಲಿ ಇದನ್ನು ತಡೆಯುವ ವ್ಯವಸ್ಥೆ ಮೊದಲು ತಂದದ್ದು ಒಪೆರಾ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಜೊತೆ ಇಂಟರ್ನೆಟ್ ಎಕ್ಸ್‌ಪ್ಲೋರರಿಗೂ ಬಂತು. ಅದೇ ವರ್ಷ ಬಂದ ಫೈರ್‌ಫಾಕ್ಸಿನ ಮೊದಲ ಆವೃತ್ತಿಯಲ್ಲೂ ಇತ್ತು. ಈಗ ಎಲ್ಲ ಬ್ರೌಸರಿನಲ್ಲೂ ಹಾಕಿಕೊಂಡ ಕೂಡಲೇ ತಡೆ ಆನ್ ಆಗಿಯೇ ಇರುತ್ತೆ.

ಹಾಗಾದರೆ ಮೂರರಲ್ಲಿ ವ್ಯತ್ಯಾಸ ಏನು? ತಡೆಯುವುದರಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ತಡೆದಿದ್ದೇನೆ ಅಂತ ಹೇಳುವ ರೀತಿಯಲ್ಲಿ ಅಜಗಜಾಂತರ ಇದೆ. ನಾನು ಅಂಕ ಕೊಡುವುದು ಅದಕ್ಕೇ.

ಫೈರ್‌ಫಾಕ್ಸಿಗೆ ಐದಕ್ಕೆ ನಾಲ್ಕೂವರೆ. ಕಿಟಕಿ ತಡೆದ ಕೂಡಲೇ ಪುಟದ ನೆತ್ತಿಯ ಮೇಲೆ ಅಡ್ಡಕ್ಕೆ ಒಂದು ಪಟ್ಟಿ ಬರುತ್ತೆ. ಈ ತಾಣ ಪಾಪ್-ಅಪ್ ತೆರೆಯದಂತೆ ತಡೆದಿದ್ದೇನೆ ಅಂತ ವಾಕ್ಯದಲ್ಲೇ ಹೇಳುತ್ತೆ. ಕೌಂಟರಿನ ಆಚೆ ನಿಂತವರಿಗೂ ಕಾಣುತ್ತೆ. ಪಟ್ಟಿಯ ಬಲಗಡೆ ಬಟನ್ ಒತ್ತಿದರೆ ಎರಡು ದಾರಿ: ಈ ತಾಣಕ್ಕೆ ಯಾವಾಗಲೂ ಬಿಡು ಅನ್ನುವುದು ಒಂದು, ತಡೆದ ಆ ಕಿಟಕಿಯನ್ನು ಮಾತ್ರ ಈಗ ತೋರಿಸು ಅನ್ನುವುದು ಇನ್ನೊಂದು. ಈ ಎರಡನೆಯದು ನನಗೆ ಬಂಗಾರ. ಪರಿಚಯ ಇಲ್ಲದ ತಾಣಕ್ಕೆ ಶಾಶ್ವತ ಅನುಮತಿ ಕೊಡದೆ ರಸೀದಿ ಮಾತ್ರ ಎತ್ತಿಕೊಳ್ಳಬಹುದು. ಅರ್ಧ ಅಂಕ ಕಡಿಮೆ ಮಾಡಿದ್ದಕ್ಕೂ ಕಾರಣ ಇದೆ. ಅದೇ ಪಟ್ಟಿಯಲ್ಲಿ ಈ ಸಂದೇಶ ಇನ್ನು ಮುಂದೆ ತೋರಿಸಬೇಡ ಅನ್ನುವ ಆಯ್ಕೆಯೂ ಇದೆ. ಅವಸರದಲ್ಲಿ ಯಾರಾದರೂ ಅದನ್ನು ಒತ್ತಿಬಿಟ್ಟರೆ ಆಮೇಲೆ ಪಟ್ಟಿ ಬರುವುದಿಲ್ಲ. ಅದು ಮೂರನೇ ಸಾಲಿನಲ್ಲಿ ಅಷ್ಟು ಸುಲಭವಾಗಿ ಸಿಗಬಾರದಿತ್ತು.

ಕ್ರೋಮಿಗೆ ನಾಲ್ಕು. ಇಲ್ಲಿ ವಿಳಾಸದ ಸಾಲಿನ ಬಲತುದಿಯಲ್ಲಿ ಸಣ್ಣ ಚಿತ್ರ ಬರುತ್ತೆ. ಕಣ್ಣು ಅಲ್ಲಿಗೆ ಹೋಗುವ ಅಭ್ಯಾಸ ಆಗಬೇಕು. ಆದರೆ ಅದನ್ನು ಒತ್ತಿದರೆ ಒಳಗೆ ಎಲ್ಲವೂ ಸ್ಪಷ್ಟ: ತಡೆದ ಕಿಟಕಿಯ ವಿಳಾಸ ಲಿಂಕಿನ ಥರ ಇರುತ್ತೆ, ಅದನ್ನೇ ಒತ್ತಿ ಒಂದು ಸಲಕ್ಕೆ ತೆರೆಯಬಹುದು. ಕೆಳಗೆ ಯಾವಾಗಲೂ ಬಿಡು, ತಡೆಯುತ್ತಲೇ ಇರು ಅಂತ ಎರಡು ಆಯ್ಕೆ. ಅನುಮತಿ ಕೊಟ್ಟ ತಾಣಗಳ ಪಟ್ಟಿ ನೋಡುವುದು, ತೆಗೆಯುವುದು ಕ್ರೋಮಿನಲ್ಲಿ ನನಗೆ ಹೆಚ್ಚು ಸಲೀಸು ಅನಿಸಿತು. ಸೆಟ್ಟಿಂಗ್ಸ್, ಪ್ರೈವೆಸಿ ಆಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ಅದರೊಳಗೆ ಪಾಪ್-ಅಪ್ಸ್ ಆಂಡ್ ರೀಡೈರೆಕ್ಟ್ಸ್. ಫೈರ್‌ಫಾಕ್ಸಿನಲ್ಲಿ ಪ್ರೈವೆಸಿ ಆಂಡ್ ಸೆಕ್ಯುರಿಟಿ ಪುಟದಲ್ಲಿ ಕೆಳಗೆ ಪರ್ಮಿಷನ್ಸ್ ತನಕ ಇಳಿದು, ಬ್ಲಾಕ್ ಪಾಪ್-ಅಪ್ ವಿಂಡೋಸ್ ಅನ್ನುವುದರ ಪಕ್ಕದ ಎಕ್ಸೆಪ್ಶನ್ಸ್ ಒತ್ತಬೇಕು.

ಎಡ್ಜ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರಿಂದ ಅದು ಕ್ರೋಮಿನ ಬುನಾದಿಯ ಮೇಲೇ ನಿಂತಿದೆ, ಈ ವಿಷಯದಲ್ಲಿ ಇಬ್ಬರೂ ಅಣ್ಣತಮ್ಮಂದಿರು.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ, ಅದರಿಂದಲೇ ನನ್ನ ಅಂಗಡಿ ಬದಲಾಗಿದ್ದು. ಅರ್ಜಿ ಶುರುಮಾಡುವ ಮೊದಲೇ ಅನುಮತಿ ಕೊಟ್ಟಿರಬೇಕು, ಹಣ ಕಟ್ಟುವಾಗ ಅಲ್ಲ. ತಾಣದ ಮೊದಲ ಪುಟ ತೆರೆದ ಕೂಡಲೇ ವಿಳಾಸದ ಎಡಗಡೆಯ ಚಿತ್ರ ಒತ್ತಿ. ಕ್ರೋಮಿನಲ್ಲಿ ಅಲ್ಲಿ ಬೀಗದ ಚಿತ್ರ ಇರುತ್ತಿತ್ತು, 2023ರ ಸೆಪ್ಟೆಂಬರಿನಿಂದ ಅದರ ಜಾಗದಲ್ಲಿ ಎರಡು ಗೆರೆ ಎರಡು ಸೊನ್ನೆಯ ಚಿತ್ರ ಇದೆ. ಅಲ್ಲಿಂದ ಸೈಟ್ ಸೆಟ್ಟಿಂಗ್ಸ್‌ಗೆ ಹೋಗಿ ಪಾಪ್-ಅಪ್ಸ್ ಎದುರು ಅಲೋ (Allow, ಅಂದರೆ ಬಿಡು) ಅಂತ ಮಾಡಿ. ಮಧ್ಯದಲ್ಲಿ ಅನುಮತಿ ಕೊಟ್ಟರೆ ಪುಟ ರಿಫ್ರೆಶ್ ಮಾಡಬೇಕಾಗಬಹುದು, ಹಣ ಕಟ್ಟಿದ ಪುಟವನ್ನು ರಿಫ್ರೆಶ್ ಮಾಡುವುದು ಅಪಾಯ. ಹಾಗೂ ತಡೆದುಹೋದರೆ ತಡೆದ ಕಿಟಕಿಯ ಲಿಂಕ್ ಹುಡುಕಿ ಒತ್ತಿ. ಹಣ ಕಟ್ಟುವ ಬಟನ್ ಮಾತ್ರ ಎರಡನೇ ಸಲ ಒತ್ತಬೇಡಿ.

ಇನ್ನೊಂದು ತಪ್ಪು ನಾನೂ ಮಾಡಿದ್ದೆ, ನನ್ನ ಹಾಗೆ ಅಂಗಡಿ ಇಟ್ಟ ಗೆಳತಿಯೂ ಮಾಡಿದ್ದಳು. ಬ್ಯಾಂಕಿನ ಪುಟ ತೆರೆಯುತ್ತಿಲ್ಲ ಅಂತ ಬ್ಯಾಂಕಿನ ವಿಳಾಸವನ್ನು ಪಟ್ಟಿಗೆ ಸೇರಿಸುವುದು. ಏನೂ ಪ್ರಯೋಜನವಿಲ್ಲ. ಅನುಮತಿ ಬೇಕಾಗಿರುವುದು ಕಿಟಕಿ ತೆರೆಯುವ ತಾಣಕ್ಕೆ, ಕಿಟಕಿಯೊಳಗೆ ಬರುವ ತಾಣಕ್ಕಲ್ಲ. ಮನೆಯ ಬಾಗಿಲು ತೆಗೆಯುವವರು ಮನೆಯವರು ತಾನೇ, ಬರುವ ನೆಂಟರಲ್ಲವಲ್ಲ. ಅರ್ಜಿಯ ತಾಣವನ್ನೇ ಸೇರಿಸಿ. ಕ್ರೋಮಿನಲ್ಲಿ ಕೈಯಿಂದ ಸೇರಿಸುವಾಗ ವಿಳಾಸದ ಶುರುವಿನಲ್ಲಿ ಚೌಕ ಆವರಣದೊಳಗೆ ನಕ್ಷತ್ರ ಮತ್ತು ಚುಕ್ಕಿ, ಅಂದರೆ [*.] ಹಾಕಿದರೆ ಆ ತಾಣದ ಉಪತಾಣಗಳೂ ಅದರಲ್ಲೇ ಸೇರುತ್ತವೆ. ಒಂದೇ ಇಲಾಖೆಗೆ ಬೇರೆ ಬೇರೆ ಉಪತಾಣ ಇರುವಾಗ ಇದು ಬೇಕಾಗುತ್ತೆ.

ಇನ್ನು ಬ್ಲಾಕರಿನ ಕೈಲಿ ಆಗದ ವಿಷಯ. ಕೊಡ್ಲಿಪೇಟೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒಂದು ಶನಿವಾರ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ತಂದರು. "ಬ್ಲಾಕರ್ ಆನ್ ಇದೆಯಮ್ಮಾ, ನಾನೇ ನೋಡಿದ್ದೀನಿ. ಆದರೂ ಬರೋದು ನಿಂತಿಲ್ಲ" ಅಂದರು. ತೆರೆದು ಇಟ್ಟ ಎರಡೇ ನಿಮಿಷಕ್ಕೆ ಪರದೆಯ ಬಲ ಕೆಳಮೂಲೆಯಿಂದ ಒಂದು ಡಬ್ಬಿ ಮೇಲೆ ಬಂತು. ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಈಗಲೇ ಒತ್ತಿ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಅವರು ಪ್ರತಿ ಸಲವೂ ಬೆಚ್ಚುತ್ತಿದ್ದರು. ರಾತ್ರಿ ನಿದ್ದೆ ಬರುವುದಿಲ್ಲ, ಪೆನ್ಷನ್ ಖಾತೆ ಇದರಲ್ಲೇ ನೋಡ್ತೀನಲ್ಲ ಅಂದರು.

ಅವು ಪಾಪ್-ಅಪ್ ಅಲ್ಲ, ನೋಟಿಫಿಕೇಶನ್. ಯಾವುದೋ ತಾಣ ಹಿಂದೆ ಎಂದೋ, ನೀವು ರೋಬೋ ಅಲ್ಲ ಅಂತ ತೋರಿಸಲು ಅಲೋ ಒತ್ತಿ ಅಂದಿರುತ್ತೆ. ಒತ್ತಿದರೆ ಸಂದೇಶ ಕಳಿಸಲು ನಾವೇ ಅನುಮತಿ ಕೊಟ್ಟ ಹಾಗೆ. ಆಮೇಲೆ ಆ ತಾಣ ಮುಚ್ಚಿದ್ದರೂ ಡಬ್ಬಿಗಳು ಬರುತ್ತಿರುತ್ತವೆ. ಪಾಪ್-ಅಪ್ ಬ್ಲಾಕರ್ ಅವುಗಳ ತಂಟೆಗೇ ಹೋಗುವುದಿಲ್ಲ. ಅದೇ ಸೈಟ್ ಸೆಟ್ಟಿಂಗ್ಸ್ ಒಳಗೆ ನೋಟಿಫಿಕೇಶನ್ಸ್ ಅಂತ ಬೇರೆ ಪಟ್ಟಿ ಇದೆ. ಮೇಷ್ಟ್ರ ಪಟ್ಟಿಯಲ್ಲಿ ಹನ್ನೊಂದು ತಾಣ ಇದ್ದವು. ಒಂದೊಂದನ್ನೂ ಅವರಿಗೆ ತೋರಿಸಿ, ಅವರ ಕೈಯಿಂದಲೇ ತೆಗೆಸಿದೆ. ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ಹೆಜ್ಜೆಗಳನ್ನು ಬರೆದುಕೊಂಡರು, ಬರೆದದ್ದನ್ನು ನನಗೆ ಜೋರಾಗಿ ಓದಿ ಹೇಳಿ ಸರಿಯೇ ಅಂತ ಕೇಳಿದರು. ಸರಿ ಇತ್ತು. ಅಂಥ ಡಬ್ಬಿಯಲ್ಲಿ ಫೋನ್ ನಂಬರ್ ಇದ್ದರೆ ಯಾವ ಕಾರಣಕ್ಕೂ ಕರೆ ಮಾಡಬೇಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ.

ಪುಟದ ಮೇಲೇ ತೇಲುವ ಡಬ್ಬಿಗಳು, ಚಂದಾ ಆಗಿ, ಆ್ಯಪ್ ಹಾಕಿಕೊಳ್ಳಿ ಅನ್ನುವವು, ಪುಟದ ಭಾಗವೇ ಆಗಿರುವುದರಿಂದ ಅವುಗಳನ್ನೂ ಬ್ಲಾಕರ್ ತಡೆಯುವುದಿಲ್ಲ. ಅದಕ್ಕೆ ಫೈರ್‌ಫಾಕ್ಸಿನಲ್ಲಿ ಯುಬ್ಲಾಕ್ ಒರಿಜಿನ್ ಅನ್ನುವ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಬೇರೆಯಾಗಿ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್) ಹಾಕಿಕೊಂಡಿದ್ದೇನೆ. ಆದರೆ ಅರ್ಜಿಯ ತಾಣಗಳಲ್ಲಿ ಅದನ್ನು ಆಫ್ ಇಡುತ್ತೇನೆ. ರಸೀದಿ ಬರದಿದ್ದರೆ ತಡೆದವರು ಯಾರು ಅಂತ ಇಬ್ಬರಲ್ಲಿ ಹುಡುಕುವುದು ಬೇಡ.

ಫೋನಿನಲ್ಲಿ ಅರ್ಜಿ ಹಾಕುವವರಿಗೆ: ಆಂಡ್ರಾಯ್ಡ್ ಕ್ರೋಮಿನಲ್ಲಿ ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್ ಒಳಗೆ ಇದೇ ಹೆಸರಿನ ಆಯ್ಕೆ ಸಿಗುತ್ತೆ. ಐಫೋನಿನಲ್ಲಿ ಬ್ರೌಸರಿನೊಳಗೆ ಹುಡುಕಬೇಡಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ಒಳಗೆ (ಹಳೆಯ ಆವೃತ್ತಿಗಳಲ್ಲಿ ನೇರವಾಗಿ) ಐಫೋನಿನ ಬ್ರೌಸರಾದ ಸಫಾರಿಗೆ ಹೋದರೆ ಬ್ಲಾಕ್ ಪಾಪ್-ಅಪ್ಸ್ ಅನ್ನುವ ಸ್ವಿಚ್ ಇದೆ. ಅದನ್ನು ಆಫ್ ಮಾಡಿದರೆ ಕೆಲಸ ಮುಗಿದ ಮೇಲೆ ಮರೆಯದೆ ಆನ್ ಮಾಡಿ. ಹಣದ ಅರ್ಜಿಯನ್ನು ಆದಷ್ಟು ಕಂಪ್ಯೂಟರಿನಲ್ಲೇ ಮಾಡಿ ಅನ್ನುವುದು ನನ್ನ ಸಲಹೆ. ಫೋನಿನ ಸಣ್ಣ ಪರದೆಯಲ್ಲಿ ತಡೆದ ಸೂಚನೆ ಬಂದು ಹೋದದ್ದೇ ಗೊತ್ತಾಗುವುದಿಲ್ಲ.

ಅರ್ಜಿಯ ತಾಣ ಕಟ್ಟುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲಿ ಒಂದು ವಿನಂತಿ. ಅಕ್ಕನ ಮಗ ಹೇಳಿದ ಪ್ರಕಾರ ಇದು ಕಷ್ಟದ ಕೆಲಸವಲ್ಲ. ರಸೀದಿಯನ್ನು ಅದೇ ಪುಟದಲ್ಲೇ ತೋರಿಸಿ. ಹೊಸ ಕಿಟಕಿಯೇ ಬೇಕು ಅಂದರೆ ನಾವು ಒತ್ತಿದ ಕ್ಷಣದಲ್ಲೇ ಖಾಲಿ ಕಿಟಕಿ ತೆರೆದಿಡಿ, ಉತ್ತರ ಬಂದಾಗ ರಸೀದಿಯನ್ನು ಅದರೊಳಗೆ ತುಂಬಿ. ಅದೂ ಆಗದಿದ್ದರೆ ರಸೀದಿ ಇಳಿಸಿಕೊಳ್ಳಿ ಅಂತ ಕೆಳಗೆ ಒಂದು ಲಿಂಕ್ ಇಡಿ. ಮಳೆಗಾಲದಲ್ಲಿ ನಮಗೆ ಹತ್ತು ಸೆಕೆಂಡು ಬೇಕು. ಆ ಹತ್ತು ಸೆಕೆಂಡನ್ನು ಲೆಕ್ಕದಲ್ಲಿಟ್ಟುಕೊಂಡು ಕಟ್ಟಿ.

ಈ ಜುಲೈಯಲ್ಲಿ ಅದೇ ತಾಣದಲ್ಲಿ ಮೂವತ್ತಕ್ಕಿಂತ ಹೆಚ್ಚು ಅರ್ಜಿ ಹಾಕಿದೆ, ಎಲ್ಲ ಫೈರ್‌ಫಾಕ್ಸಿನಲ್ಲಿ, ಎಲ್ಲದಕ್ಕೂ ರಸೀದಿ ಬಂತು. ಎರಡು ಸಲ ಮಾತ್ರ, ನಾನು ಹೊಸದಾಗಿ ವಿಂಡೋಸ್ ಹಾಕಿಸಿದ್ದ ಕಂಪ್ಯೂಟರಿನಲ್ಲಿ ಅನುಮತಿ ಕೊಡಲು ಮರೆತಿದ್ದಾಗ, ಮೇಲೆ ಪಟ್ಟಿ ಬಂತು. ಪಟ್ಟಿಯ ಬಟನ್ ಒತ್ತಿ ಕಿಟಕಿ ತೆರೆದೆ, ಪ್ರಿಂಟ್ ಕೊಟ್ಟೆ. ಎರಡೂ ಮಾನಿಟರಿನ ಕೆಳಗೆ ಒಂದೊಂದು ಚೀಟಿ ಲ್ಯಾಮಿನೇಟ್ ಮಾಡಿ ಅಂಟಿಸಿದ್ದೇನೆ: "ಹಣ ಕಟ್ಟಿದ ಮೇಲೆ ಏನೂ ತೆರೆಯದಿದ್ದರೆ ಮತ್ತೆ ಒತ್ತಬೇಡಿ. ಪುಟದ ಮೇಲ್ಭಾಗ ನೋಡಿ. ನನ್ನನ್ನು ಕರೆಯಿರಿ."